ಹಳೆಯ ಆಸಿಲೋಸ್ಕೋಪಿಗೆ ಸೆಕೆಂಡ್ ಹ್ಯಾಂಡ್ ಕ್ಯಾಲಿಬ್ರೇಟರ್: ಯಾವುದಕ್ಕೆ ಹಣ ಹಾಕಬೇಕು, ಯಾವುದನ್ನು ಬಿಡಬಹುದು

ಟೆಕ್ಟ್ರಾನಿಕ್ಸ್ ಕಂಪನಿ 1972ರಲ್ಲಿ ಮಾರುಕಟ್ಟೆಗೆ ತಂದ 465 ಮಾದರಿಯ ಆಸಿಲೋಸ್ಕೋಪ್, ಅಂದರೆ ವಿದ್ಯುತ್ ಸಿಗ್ನಲ್ಲಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಉಪಕರಣ, ಅರ್ಧ ಶತಮಾನ ಕಳೆದರೂ, ಅನೇಕ ಹವ್ಯಾಸಿಗಳ ಮೇಜಿನ ಮೇಲೆ ಇಂದಿಗೂ ದುಡಿಯುತ್ತಿದೆ. ಪರದೆಯ ಮೇಲೆ ಗೆರೆ ಸ್ವಚ್ಛವಾಗಿ ಮೂಡುತ್ತದೆ, ಗೆರೆಯನ್ನು ಅಲುಗದಂತೆ ನಿಲ್ಲಿಸುವ ಟ್ರಿಗರ್ ಸರಿಯಾಗಿ ಹಿಡಿಯುತ್ತದೆ, ಗುಂಡಿಗಳೆಲ್ಲ ತಿರುಗುತ್ತವೆ. ಆದರೆ ಆ ಗೆರೆ ಹೇಳುವ ವೋಲ್ಟೇಜು ಮತ್ತು ಕಾಲ ಎಷ್ಟು ನಿಜ ಎಂಬುದು ಬೇರೆಯೇ ಪ್ರಶ್ನೆ. ಹೊಸದಾಗಿದ್ದಾಗ ಅದರ ಲಂಬ ಅಳತೆಯಲ್ಲಿ ಶೇ 3ಕ್ಕಿಂತ, ಕಾಲದ ಅಳತೆಯಲ್ಲಿ ಸಾಮಾನ್ಯ ಕೋಣೆಯ ಉಷ್ಣತೆಯಲ್ಲಿ ಶೇ 2ಕ್ಕಿಂತ ಹೆಚ್ಚು ತಪ್ಪಿರುವುದಿಲ್ಲ ಎಂದು ತಯಾರಕರು ಮಾತು ಕೊಟ್ಟಿದ್ದರು. ರೆಸಿಸ್ಟರುಗಳ ಮೌಲ್ಯ ಜರುಗಿ, ಕೆಪಾಸಿಟರುಗಳು ಒಣಗಿ, ಹಿಂದಿನ ಮಾಲೀಕರು ಒಳಗಿನ ಯಾವ ಟ್ರಿಮ್ಮರನ್ನು (ಹೊಂದಾಣಿಕೆಯ ತಿರುಪು) ಎಷ್ಟು ತಿರುಗಿಸಿದ್ದಾರೋ ತಿಳಿಯದೆ ಇರುವಾಗ ಆ ಮಾತು ಇಂದಿಗೂ ಉಳಿದಿದೆಯೇ ಎಂದು ತಿಳಿಯಬೇಕಾದರೆ, ಮೌಲ್ಯ ಖಚಿತವಾಗಿ ಗೊತ್ತಿರುವ ಸಿಗ್ನಲ್ಲೊಂದನ್ನು ಒಳಗೆ ಕೊಟ್ಟು ನೋಡಬೇಕು. ಅಂಗಡಿಯ ತಕ್ಕಡಿಗೆ ಮುದ್ರೆಯೊತ್ತಿದ ತೂಕದ ಕಲ್ಲು ಹೇಗೋ, ಸ್ಕೋಪಿಗೆ ಕ್ಯಾಲಿಬ್ರೇಟರ್ ಹಾಗೆ.

ಈ ಕೆಲಸಕ್ಕೆಂದೇ ತಯಾರಾದ ಫ್ಲೂಕ್ 9500ಬಿಯಂಥ ಆಧುನಿಕ ಯಂತ್ರಗಳು ಹಳೆಯದಾಗಿ ಸಿಕ್ಕರೂ ಲಕ್ಷಗಳ ಲೆಕ್ಕದಲ್ಲಿರುತ್ತವೆ. ಕೆಲವೇ ಸಾವಿರ ರೂಪಾಯಿಗೆ ಕೊಂಡ ಸ್ಕೋಪಿಗಾಗಿ ಅಷ್ಟು ಹಣ ಹಾಕುವುದು ಯಾರಿಗೂ ಒಪ್ಪುವ ಮಾತಲ್ಲ. ಹಾಗಾಗಿ ಹವ್ಯಾಸಿಗಳು ಮತ್ತು ಸಣ್ಣ ರಿಪೇರಿ ಅಂಗಡಿಯವರು 1960ರಿಂದ 1980ರ ದಶಕಗಳ ಕ್ಯಾಲಿಬ್ರೇಟರುಗಳ ಕಡೆಗೆ ನೋಡುತ್ತಾರೆ. ಅಲ್ಲಿ ಎಲ್ಲವನ್ನೂ ಮಾಡುವ ಒಂದೇ ಪೆಟ್ಟಿಗೆಯನ್ನು ಹುಡುಕುವವರೇ ಹೆಚ್ಚು. ನನ್ನ ದೃಷ್ಟಿಯಲ್ಲಿ ಆ ಹುಡುಕಾಟವೇ ದುಬಾರಿಯಾದದ್ದು. ಸ್ಕೋಪನ್ನು ಪರೀಕ್ಷಿಸಲು ಬೇಕಾದ ಸಿಗ್ನಲ್‌ಗಳಲ್ಲಿ ಕೆಲವು ಇವತ್ತು ಬಹುತೇಕ ಪುಕ್ಕಟೆಯಾಗಿ ಸಿಗುತ್ತವೆ, ಕೆಲವು ಈಗಲೂ ಸುಲಭವಾಗಿ ಸಿಗುವುದಿಲ್ಲ. ಸುಲಭವಾಗಿ ಸಿಗದದ್ದಕ್ಕೆ ಮಾತ್ರ ಹಣ ಕೊಟ್ಟರೆ ಸಾಕು.

ಸ್ಕೋಪನ್ನು ಪರೀಕ್ಷಿಸುವಾಗ ನಾಲ್ಕು ವಿಷಯಗಳನ್ನು ನೋಡುತ್ತೇವೆ. ಲಂಬ ದಿಕ್ಕಿನ ಗೇನ್ ಸರಿಯಿದೆಯೇ, ಅಂದರೆ ಪರದೆಯ ಒಂದು ಚೌಕ 5 ಮಿಲಿವೋಲ್ಟ್ ಎಂದಿದ್ದರೆ ನಿಜಕ್ಕೂ ಅದು 5 ಮಿಲಿವೋಲ್ಟೇ ಎಂಬುದು ಮೊದಲನೆಯದು. ಸ್ವೀಪ್‌ನ, ಅಂದರೆ ಗೆರೆ ಪರದೆಯ ಎಡದಿಂದ ಬಲಕ್ಕೆ ಸಾಗುವ, ವೇಗ ಸರಿಯಿದೆಯೇ ಎಂಬುದು ಎರಡನೆಯದು. ಥಟ್ಟನೆ ಏರುವ ಚೌಕ ತರಂಗವನ್ನು ಸ್ಕೋಪ್ ಅದೇ ಆಕಾರದಲ್ಲಿ ತೋರಿಸುತ್ತದೆಯೇ ಅಥವಾ ಅದರ ಮೂಲೆಯನ್ನು ದುಂಡಾಗಿಸಿಯೋ ಕೊಂಬು ಮೂಡಿಸಿಯೋ ಕೆಡಿಸುತ್ತದೆಯೇ ಎಂಬುದು ಮೂರನೆಯದು. ಕೊನೆಯದು ಬ್ಯಾಂಡ್‌ವಿಡ್ತ್, ಅಂದರೆ ಎಷ್ಟು ಆವರ್ತನದವರೆಗೆ ಸ್ಕೋಪು ಸಿಗ್ನಲ್ಲನ್ನು ಹೆಚ್ಚು ಕುಗ್ಗಿಸದೆ ತೋರಿಸಬಲ್ಲದು ಎಂಬುದು. ಇವುಗಳಿಗೆ ಕ್ರಮವಾಗಿ ನಿಖರ ಎತ್ತರದ ಚೌಕ ತರಂಗ, ಸಮಯದ ಗುರುತುಗಳು, ಚಪ್ಪಟೆ ತಲೆಯ ವೇಗದ ಏರು, ಮತ್ತು ಆವರ್ತನ ಬದಲಾದರೂ ಎತ್ತರ ಬದಲಾಗದ ಸೈನ್ ತರಂಗ ಬೇಕಾಗುತ್ತವೆ.

ಕ್ಯಾಲಿಬ್ರೇಟರ್ ಎಷ್ಟು ನಿಖರವಾಗಿರಬೇಕು ಎಂಬುದಕ್ಕೆ ಅಳತೆಯ ಲೋಕದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ನಾಲ್ಕಕ್ಕೊಂದು ಎಂಬ ಲೆಕ್ಕ ಸಾಕು. ಪರೀಕ್ಷೆಗೊಳಗಾಗುವ ಉಪಕರಣದ ಮಿತಿ ಶೇ 3 ಆಗಿದ್ದರೆ ಪರೀಕ್ಷಿಸುವ ಉಪಕರಣದ ತಪ್ಪು ಅದರ ಕಾಲುಭಾಗ, ಅಂದರೆ ಶೇ 0.75ನ್ನು ಮೀರಬಾರದು. ಹಳೆಯ ಅನಲಾಗ್ ಸ್ಕೋಪುಗಳ ಬಗ್ಗೆ ಇದೊಂದು ಸಮಾಧಾನದ ಸಂಗತಿ. ಅವುಗಳ ಮಿತಿ ಎಷ್ಟು ಸಡಿಲವೆಂದರೆ ಪ್ರಯೋಗಾಲಯ ದರ್ಜೆಯ ನಿಖರತೆಗೆ ಹಣ ಸುರಿಯಬೇಕಾಗಿಲ್ಲ. ಕೊಳ್ಳುವ ಮೊದಲು ನಿಮ್ಮ ಸ್ಕೋಪಿನ ಸರ್ವಿಸ್ ಮ್ಯಾನ್ಯುಯಲ್ ತೆಗೆದು, ಕಾರ್ಯಕ್ಷಮತೆಯನ್ನು ಪರೀಕ್ಷಿಸುವ ಅಧ್ಯಾಯದಲ್ಲಿ ಯಾವ ಯಾವ ಉಪಕರಣ ಬೇಕೆಂದು ಕೊಟ್ಟಿರುವ ಪಟ್ಟಿಯನ್ನು ಓದಿಕೊಳ್ಳುವುದು ಒಳ್ಳೆಯದು. ಅಲ್ಲಿ ಮಾದರಿಯ ಹೆಸರಿಗಿಂತ ಪಕ್ಕದಲ್ಲಿರುವ ಕನಿಷ್ಠ ಅರ್ಹತೆಯ ಅಂಕಣವೇ ಮುಖ್ಯ.

ಆ ಪಟ್ಟಿಗಳಲ್ಲಿ ಮತ್ತೆ ಮತ್ತೆ ಕಾಣುವ ಹೆಸರು ಟೆಕ್ಟ್ರಾನಿಕ್ಸ್‌ನ ಟಿಎಂ 500 ಸರಣಿಯದ್ದು. ಇದು ವಿದ್ಯುತ್ ಪೂರೈಸುವ ಒಂದು ಚೌಕಟ್ಟು ಮತ್ತು ಅದರೊಳಗೆ ತೂರಿಸುವ ಘಟಕಗಳ ವ್ಯವಸ್ಥೆ. ಟಿಎಂ 503, ಟಿಎಂ 504, ಟಿಎಂ 506 ಎಂಬ ಚೌಕಟ್ಟುಗಳಿಗೆ ಕ್ರಮವಾಗಿ ಮೂರು, ನಾಲ್ಕು, ಆರು ಕಿಂಡಿಗಳಿವೆ. ಸ್ಕೋಪ್ ಕ್ಯಾಲಿಬ್ರೇಶನ್ನಿಗೆ ಬೇಕಾದ ಘಟಕಗಳು ಮುಖ್ಯವಾಗಿ ಮೂರು: ಎತ್ತರ ಮತ್ತು ಏರುಗಳಿಗೆ ಪಿಜಿ 506, ಸಮಯದ ಗುರುತುಗಳಿಗೆ ಟಿಜಿ 501, ಸೈನ್ ತರಂಗಕ್ಕೆ ಎಸ್‌ಜಿ 503. ಬಹುಕಾಲ ಕಂಪನಿಗಳ ಕ್ಯಾಲಿಬ್ರೇಶನ್ ಕೋಣೆಗಳಲ್ಲಿದ್ದ ಈ ಘಟಕಗಳು ಈಗ ಹೊರಬಿದ್ದು ಒಂದೊಂದು ನೂರರಿಂದ ಕೆಲವು ನೂರು ಡಾಲರಿನ ಆಸುಪಾಸಿನಲ್ಲಿ ಕೈ ಬದಲಾಗುತ್ತಿವೆ. ಮೂರನ್ನೂ ಒಟ್ಟಿಗೇ ಕೊಳ್ಳಬೇಕೆಂಬ ಕಟ್ಟುಪಾಡೇನೂ ಇಲ್ಲ. ಒಂದನ್ನೇ ಕೊಳ್ಳುವುದಾದರೆ ಅದು ಪಿಜಿ 506 ಆಗಿರಲಿ. ಅದಕ್ಕೆ ಕಾರಣವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಪಿಜಿ 506ರಲ್ಲಿ ಮೂರು ಬಗೆಯ ಸಿಗ್ನಲ್‌ಗಳಿವೆ. ಮೊದಲನೆಯದು 200 ಮೈಕ್ರೊವೋಲ್ಟಿನಿಂದ 100 ವೋಲ್ಟಿನವರೆಗೆ, 1-2-5ರ ಕ್ರಮದಲ್ಲಿ ಏರುತ್ತ ಹೋಗುವ, ಸುಮಾರು 1 ಕಿಲೋಹರ್ಟ್ಸ್‌ನ ಚೌಕ ತರಂಗ. ಇದರ ಎತ್ತರದ ನಿಖರತೆ ಶೇ 0.25, ಅಂದರೆ ಶೇ 3ರ ಸ್ಕೋಪಿಗೆ ಹೋಲಿಸಿದರೆ ಹನ್ನೆರಡು ಪಟ್ಟು ಮೇಲು. ಎರಡನೆಯದು 1 ನ್ಯಾನೊಸೆಕೆಂಡ್ ಅಥವಾ ಅದಕ್ಕೂ ಕಡಿಮೆ ಅವಧಿಯಲ್ಲಿ ಏರುವ, 1 ವೋಲ್ಟಿನವರೆಗಿನ ವೇಗದ ಏರು. ಮೂರನೆಯದು ಸುಮಾರು 60 ವೋಲ್ಟಿನವರೆಗೆ ಹೋಗುವ, 100 ನ್ಯಾನೊಸೆಕೆಂಡಿನೊಳಗೆ ಏರುವ ದೊಡ್ಡ ಚೌಕ ತರಂಗ. ಹೀಗೆ ನಾಲ್ಕು ಪ್ರಶ್ನೆಗಳಲ್ಲಿ ಎರಡಕ್ಕೆ ಪೂರ್ತಿಯಾಗಿ, ನಾಲ್ಕನೆಯದಕ್ಕೆ ಬಳಸುದಾರಿಯಲ್ಲಿ, ಒಂದೇ ಘಟಕದಲ್ಲಿ ಉತ್ತರ ಸಿಗುತ್ತದೆ.

ಈ ಘಟಕದ ನಿಜವಾದ ಜಾಣ್ಮೆ ಇರುವುದು ಅದರ ಮುಂಭಾಗದ ಪುಟ್ಟ ಅಂಕಿ ಫಲಕದಲ್ಲಿ. ಅದನ್ನು ಹತ್ತಿರದಿಂದ ನೋಡೋಣ. 465ರ ಲಂಬ ಗುಂಡಿಯನ್ನು ಚೌಕಕ್ಕೆ 5 ಮಿಲಿವೋಲ್ಟಿನಲ್ಲಿಟ್ಟು, ಪಿಜಿ 506ರಿಂದ 20 ಮಿಲಿವೋಲ್ಟ್ ಕೊಟ್ಟರೆ ತರಂಗದ ಎತ್ತರ ಸರಿಯಾಗಿ ನಾಲ್ಕು ಚೌಕ ಬರಬೇಕು. ಅದರಲ್ಲಿ ಶೇ 3 ಎಂದರೆ 0.12 ಚೌಕ. ಪರದೆಯ ನಡುಗೆರೆಯ ಮೇಲಿರುವ ಸಣ್ಣ ಗೀಟುಗಳ ನಡುವಿನ ಅಂತರವೇ 0.2 ಚೌಕ, ಗೆರೆಯ ದಪ್ಪವನ್ನೂ ಸೇರಿಸಿಕೊಂಡರೆ ಅರ್ಧ ಗೀಟಿಗಿಂತ ತುಸು ಹೆಚ್ಚಿನ ಈ ವ್ಯತ್ಯಾಸ ಶೇ 2ರದ್ದೋ ಶೇ 4ರದ್ದೋ ಎಂದು ಕಣ್ಣಳತೆಯಲ್ಲಿ ಹೇಳುವುದು ಯಾರಿಗೂ ಸುಲಭವಲ್ಲ. ಪಿಜಿ 506ರಲ್ಲಿ ನಾವು ವ್ಯತ್ಯಾಸವನ್ನು ಅಂದಾಜು ಮಾಡುವುದೇ ಇಲ್ಲ. ಅದರ ವೇರಿಯಬಲ್ ಗುಂಡಿಯನ್ನು ಮೆಲ್ಲಗೆ ತಿರುಗಿಸಿ, ತರಂಗದ ತಳವೂ ತಲೆಯೂ ಗ್ರಾಟಿಕ್ಯೂಲಿನ (ಪರದೆಯ ಮೇಲಿನ ಚೌಕಗಳ ಜಾಲ) ಗೆರೆಗಳ ಮೇಲೆ ಕರಾರುವಾಕ್ಕಾಗಿ ಕೂರುವಂತೆ ಮಾಡಿದರೆ, ಸ್ಕೋಪಿನ ತಪ್ಪು ಎಷ್ಟೆಂಬುದು ಅಂಕಿ ಫಲಕದಲ್ಲಿ ಶೇಕಡಾ ಲೆಕ್ಕದಲ್ಲಿ ನೇರವಾಗಿ ಮೂಡುತ್ತದೆ. ಗೆರೆಯೊಂದು ಇನ್ನೊಂದು ಗೆರೆಯ ಮೇಲೆ ಕೂತಿದೆಯೇ ಎಂದು ಗುರುತಿಸುವುದರಲ್ಲಿ ನಮ್ಮ ಕಣ್ಣು ಬಹಳ ಚುರುಕು. ಎರಡು ಗೆರೆಗಳ ನಡುವಿನ ಅಂತರವನ್ನು ಅಂದಾಜು ಮಾಡುವುದರಲ್ಲಿ ಅಷ್ಟು ಚುರುಕಲ್ಲ. ವಿನ್ಯಾಸಕಾರರು ಇದನ್ನು ಅರಿತು ಉಪಕರಣವನ್ನು ರೂಪಿಸಿದ್ದಾರೆ. ಇದನ್ನು ಬಳಸುವಾಗಲೆಲ್ಲ ಅವರ ಮೇಲಿನ ಗೌರವ ನನಗೆ ಹೆಚ್ಚುತ್ತದೆ. ಟಿಜಿ 501ರಲ್ಲಿಯೂ ಕಾಲದ ತಪ್ಪಿಗೆ ಇದೇ ಬಗೆಯ ಫಲಕವಿದೆ.

ಸ್ಥಿರವಾದ ಡಿಸಿ ಸಪ್ಲೈ ಮತ್ತು ಒಳ್ಳೆಯ ಮಲ್ಟಿಮೀಟರ್ ಇದ್ದರೆ ಗೇನ್ ಪರೀಕ್ಷೆಯನ್ನು ಪಿಜಿ 506 ಇಲ್ಲದೆಯೂ ಮಾಡಬಹುದಲ್ಲ ಎಂದು ಕೇಳುವವರಿದ್ದಾರೆ. ಹೌದು, ಮಾಡಬಹುದು. ಸ್ಕೋಪನ್ನು ಡಿಸಿ ಕಪ್ಲಿಂಗಿನಲ್ಲಿಟ್ಟು, ವೋಲ್ಟೇಜು ಕೊಟ್ಟು, ಗೆರೆ ಎಷ್ಟು ಜರುಗಿತೆಂದು ನೋಡಿದರೆ ಗೇನ್ ತಿಳಿಯುತ್ತದೆ. ಆದರೆ ಕೆಲವೇ ಮಿಲಿವೋಲ್ಟಿನ ಮಟ್ಟದಲ್ಲಿ ಡಿಸಿ ಗೆರೆ ಉಷ್ಣತೆಯಿಂದಾಗಿ ತಾನೇ ತೇಲಾಡುತ್ತಿರುತ್ತದೆ. ಚೌಕ ತರಂಗದಲ್ಲಿ ತಳ ಮತ್ತು ತಲೆ ಒಟ್ಟಿಗೇ ಕಾಣುವುದರಿಂದ ಆ ತೇಲಾಟ ಅಳತೆಯನ್ನು ಕೆಡಿಸುವುದಿಲ್ಲ. ಸ್ಕೋಪಿನ ಮುಂಭಾಗದಲ್ಲೇ ಇರುವ, ಪ್ರೋಬ್ ಹೊಂದಿಸಲು ಕೊಟ್ಟಿರುವ ಸಿಗ್ನಲ್ ಒಂದೇ ಎತ್ತರದ್ದು, 465ರಲ್ಲಿ 0.3 ವೋಲ್ಟ್, ಅದರ ಆವರ್ತನ ಕೇವಲ ಅಂದಾಜಿನದ್ದು, ಹಾಗಾಗಿ ಅದನ್ನು ಕಾಲದ ಪರೀಕ್ಷೆಗೆ ನಂಬಲೇಬಾರದು. ಇದಕ್ಕೆ ವಿರುದ್ಧವಾಗಿ ಟೆಕ್ಟ್ರಾನಿಕ್ಸ್‌ನ 540 ಸರಣಿಯ ವಾಲ್ವ್ ಸ್ಕೋಪುಗಳಲ್ಲಿ 0.2 ಮಿಲಿವೋಲ್ಟಿನಿಂದ 100 ವೋಲ್ಟಿನವರೆಗಿನ ಪೂರ್ಣ ಪ್ರಮಾಣದ ಎತ್ತರದ ಕ್ಯಾಲಿಬ್ರೇಟರ್ ಒಳಗೇ ಇದೆ. ಅಂಥದ್ದೊಂದು ಮನೆಯಲ್ಲಿದ್ದರೆ, ಅದರ 100 ವೋಲ್ಟನ್ನು ಮ್ಯಾನ್ಯುಯಲ್ ಹೇಳಿದಂತೆ ಮಲ್ಟಿಮೀಟರಿನಿಂದ ಸರಿಹೊಂದಿಸಿಕೊಂಡು ಎತ್ತರದ ಕೆಲಸವನ್ನು ಅದರಿಂದಲೇ ಸ್ವಲ್ಪ ಮಟ್ಟಿಗೆ ಸಾಗಿಸಬಹುದು.

ಈಗ ವೇಗದ ಏರಿಗೆ ಬರೋಣ. ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ. ಸ್ಕೋಪಿನ ಬ್ಯಾಂಡ್‌ವಿಡ್ತ್ ಗೊತ್ತಿದ್ದರೆ 0.35ನ್ನು ಅದರಿಂದ ಭಾಗಿಸಿ ಏರುವ ಸಮಯವನ್ನು, ಅಂದರೆ ಗೆರೆ ತಳದಿಂದ ತಲೆಗೆ ಏರಲು ಹಿಡಿಯುವ ಅವಧಿಯನ್ನು, ಪಡೆಯಬಹುದು. 100 ಮೆಗಾಹರ್ಟ್ಸ್‌ನ 465ಕ್ಕೆ ಅದು 3.5 ನ್ಯಾನೊಸೆಕೆಂಡ್. ನಾವು ಕೊಡುವ ಸಿಗ್ನಲ್ಲಿಗೂ ತನ್ನದೇ ಆದ ಏರುವ ಸಮಯ ಇರುವುದರಿಂದ, ಪರದೆಯ ಮೇಲೆ ಕಾಣುವುದು ಎರಡರ ವರ್ಗಗಳನ್ನು ಕೂಡಿಸಿ ತೆಗೆದ ವರ್ಗಮೂಲ. 1 ನ್ಯಾನೊಸೆಕೆಂಡಿನ ಏರನ್ನು 465ಕ್ಕೆ ಕೊಟ್ಟರೆ ಕಾಣುವುದು 3.64 ನ್ಯಾನೊಸೆಕೆಂಡ್, ತಪ್ಪು ಶೇ 4ರಷ್ಟು ಮಾತ್ರ. ಅದೇ ಏರನ್ನು 200 ಮೆಗಾಹರ್ಟ್ಸ್‌ನ 475ಕ್ಕೆ ಕೊಟ್ಟರೆ ನಿಜವಾದ 1.75ರ ಬದಲು ಸುಮಾರು 2.02 ಕಾಣುತ್ತದೆ, ಅಂದರೆ ಶೇ 15ರಷ್ಟು ಹೆಚ್ಚು. ಲೆಕ್ಕ ಹಾಕಿ ಕಳೆಯಬಹುದು, ಆದರೂ ಹಿಡಿತ ಸಡಿಲವಾಯಿತು. 350 ಮೆಗಾಹರ್ಟ್ಸ್‌ನ 485ಕ್ಕೆ ಬಂದರೆ ಸ್ಕೋಪಿನ ಏರುವ ಸಮಯವೂ 1 ನ್ಯಾನೊಸೆಕೆಂಡ್, ಸಿಗ್ನಲ್ಲಿನದೂ ಅಷ್ಟೇ. ಅಲ್ಲಿ ಪಿಜಿ 506 ಸಾಲದು. 100 ಮೆಗಾಹರ್ಟ್ಸ್‌ವರೆಗಿನ ಸ್ಕೋಪುಗಳಿರುವವರಿಗೆ, ಅದರಲ್ಲೂ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಿಂದ ಹೊರಬೀಳುವ 20-30 ಮೆಗಾಹರ್ಟ್ಸ್‌ನ ಸ್ಕೋಪುಗಳಿಗೆ, ಅದು ಸಾಕಷ್ಟಾಯಿತು ಮಾತ್ರವಲ್ಲ, ಮಿಕ್ಕಿತು.

ಇಷ್ಟು ಕೇಳಿದ ಕೂಡಲೇ, ಪಿಜಿ 506ಗಿಂತ ವೇಗವಾದ ಏರನ್ನು ಅಗ್ಗದಲ್ಲಿ ಮನೆಯಲ್ಲೇ ಮಾಡಿಕೊಳ್ಳಬಹುದು ಎಂಬ ಯೋಚನೆ ಬರುತ್ತದೆ. ಸಣ್ಣ ಟ್ರಾನ್ಸಿಸ್ಟರೊಂದಕ್ಕೆ ಸುಮಾರು 90 ವೋಲ್ಟ್ ಕೊಟ್ಟು ಅವಲಾಂಚ್ ಸ್ಥಿತಿಯಲ್ಲಿ (ಪ್ರವಾಹ ಥಟ್ಟನೆ ನುಗ್ಗುವ ಸ್ಥಿತಿ) ನಡೆಸುವ ಪಲ್ಸರ್ ಸರ್ಕ್ಯೂಟನ್ನು ಅನಲಾಗ್ ಸರ್ಕ್ಯೂಟುಗಳ ವಿನ್ಯಾಸಕ ಜಿಮ್ ವಿಲಿಯಮ್ಸ್ ಅವರು ಜನಪ್ರಿಯಗೊಳಿಸಿದರು. ಅದರ ಏರುವ ಸಮಯ ಅರ್ಧ ನ್ಯಾನೊಸೆಕೆಂಡಿಗಿಂತಲೂ ಕಡಿಮೆ. ಏರುವ ಸಮಯವನ್ನಷ್ಟೇ ಅಳೆಯಲು ಅದು ಬಹಳ ಒಳ್ಳೆಯ ಸಾಧನ. ಆದರೆ ಅದರ ಪಲ್ಸು ಏರಿದ ಕೂಡಲೇ ಇಳಿದುಬಿಡುತ್ತದೆ, ಮೇಲೆ ನಿಲ್ಲುವುದಿಲ್ಲ. ಸ್ಕೋಪಿನ ಲಂಬ ಆಂಪ್ಲಿಫೈಯರಿನಲ್ಲಿರುವ ಹೊಂದಾಣಿಕೆಯ ಟ್ರಿಮ್ಮರುಗಳು ಏರಿನ ನಂತರದ ಮೊದಲ ಕೆಲವು ನ್ಯಾನೊಸೆಕೆಂಡುಗಳಿಂದ ಹಿಡಿದು ಹತ್ತಾರು, ನೂರಾರು ನ್ಯಾನೊಸೆಕೆಂಡುಗಳವರೆಗೆ ತರಂಗದ ತಲೆಯನ್ನು ಚಪ್ಪಟೆ ಮಾಡಲು ಇರುವಂಥವು. ಅವುಗಳನ್ನು ತಿರುಗಿಸಲು ಆಧಾರವಾಗಿ ಬೇಕಾದದ್ದು, ಏರಿದ ಮೇಲೆ ಅಲುಗದೆ ನಿಲ್ಲುವ ತಲೆ. ಜನರೇಟರಿನ ತಲೆಯೇ ಓರೆಯಾಗಿದ್ದರೆ, ಪರದೆಯ ಮೇಲೆ ಅದು ಚಪ್ಪಟೆ ಕಾಣುವವರೆಗೆ ಟ್ರಿಮ್ಮರ್ ತಿರುಗಿಸಿದವರು ಸರಿಯಾಗಿದ್ದ ಸ್ಕೋಪಿಗೆ ವಿರುದ್ಧ ದಿಕ್ಕಿನ ಓರೆಯನ್ನು ಶಾಶ್ವತವಾಗಿ ಕೂರಿಸಿದಂತಾಗುತ್ತದೆ. ವೇಗದ ಲಾಜಿಕ್ ಚಿಪ್ಪುಗಳಿಂದ ಮಾಡುವ ಚೌಕ ತರಂಗದಲ್ಲಿಯೂ ಸಪ್ಲೈ ತಂತಿಗಳ ಮತ್ತು ಚಿಪ್ಪಿನ ಕಾಲುಗಳ ಇಂಡಕ್ಟೆನ್ಸಿನಿಂದಾಗಿ ಏರಿನ ತುದಿಯಲ್ಲಿ ಕಂಪನವಿರುತ್ತದೆ. ಇತ್ತೀಚೆಗೆ ಸಣ್ಣ ತಯಾರಕರು ಮಾರುವ, ಕೆಲವೇ ಹತ್ತು ಪಿಕೊಸೆಕೆಂಡುಗಳಲ್ಲಿ ಏರುವ ಪುಟ್ಟ ಪೆಟ್ಟಿಗೆಗಳು ಇದಕ್ಕಿಂತ ಎಷ್ಟೋ ವಾಸಿ. 200 ಮೆಗಾಹರ್ಟ್ಸ್ ಮೀರಿದ ಸ್ಕೋಪ್ ಇರುವವರು ಪಿಜಿ 506ರ ಜೊತೆಗೆ ಅಂಥದ್ದೊಂದನ್ನು ಇಟ್ಟುಕೊಳ್ಳುವುದು ನ್ಯಾಯವಾದ ಖರ್ಚು.

ದೊಡ್ಡ ಸಿಗ್ನಲ್ಲನ್ನು ತಗ್ಗಿಸಿ ಒಳಗೆ ಬಿಡುವ ಅಟೆನ್ಯುಯೇಟರುಗಳ ಹೊಂದಾಣಿಕೆಗೆ ಬೇಕಾಗುವುದು ಪಿಜಿ 506ರ ದೊಡ್ಡ ಚೌಕ ತರಂಗ. ಚೌಕಕ್ಕೆ 5 ವೋಲ್ಟಿನ ನೆಲೆಯಲ್ಲಿ ಪರದೆಯನ್ನು ತುಂಬುವ ತರಂಗ ಬೇಕಾದರೆ ಮೂವತ್ತು ವೋಲ್ಟಾದರೂ ಬೇಕು. ಸಾಮಾನ್ಯ ಫಂಕ್ಷನ್ ಜನರೇಟರಿನಲ್ಲಿ ಟರ್ಮಿನೇಟರ್ (ಕೇಬಲ್ಲಿನ ತುದಿಗೆ ಹಾಕುವ 50 ಓಮ್ ರೆಸಿಸ್ಟರ್) ಇಲ್ಲದೆ 20 ವೋಲ್ಟ್ ಸಿಗುತ್ತದೆ, ನಾಲ್ಕು ಚೌಕದಷ್ಟು. ನಿಜ ಹೇಳಬೇಕೆಂದರೆ ಬಹಳಷ್ಟು ಸಲ ಅಷ್ಟರಲ್ಲೇ ಕೆಲಸ ಆಗುತ್ತದೆ, ಜನರೇಟರಿನ ತರಂಗದ ತಲೆ ಚಪ್ಪಟೆಯಾಗಿದೆಯೆಂದು ಖಾತ್ರಿ ಇದ್ದರೆ.

ಕಾಲದ ಪರೀಕ್ಷೆಗಾಗಿ ಹಣ ಖರ್ಚು ಮಾಡುವ ಕಾಲ ಮುಗಿದಿದೆ ಎಂದೇ ನನ್ನ ಅಭಿಪ್ರಾಯ. ಟಿಜಿ 501 ತುಂಬ ಚೆಂದದ ಘಟಕ. 1 ನ್ಯಾನೊಸೆಕೆಂಡಿನಿಂದ 5 ಸೆಕೆಂಡಿನವರೆಗೆ ಗುರುತುಗಳನ್ನು ಕೊಡುತ್ತದೆ, ಕಡಿಮೆ ಬೆಲೆಗೆ ಸಿಕ್ಕರೆ ಬಿಡಬಾರದು. ಆದರೆ ಶೇ 2ರ ಮಿತಿಯ ಸ್ವೀಪನ್ನು ಪರೀಕ್ಷಿಸಲು ಅತಿ ಸಾಧಾರಣವಾದ ಕ್ವಾರ್ಟ್ಸ್ ಹರಳೂ ಸಾಕು. ಅದರ ತಪ್ಪು ಹತ್ತು ಲಕ್ಷದಲ್ಲಿ ನೂರು ಭಾಗ ಎಂದಿಟ್ಟುಕೊಂಡರೂ ಶೇ 0.01 ಆಯಿತು, ಅಂದರೆ ಇನ್ನೂರು ಪಟ್ಟು ಮೇಲು. 10 ಮೆಗಾಹರ್ಟ್ಸ್‌ನ ಆಸಿಲೇಟರ್ ಮಾಡ್ಯೂಲೊಂದಕ್ಕೆ 74ಎಚ್‌ಸಿ390ರಂಥ ಎಣಿಕೆಯ ಚಿಪ್ಪುಗಳನ್ನು ಸಾಲಾಗಿ ಜೋಡಿಸಿದರೆ, ಅವುಗಳೊಳಗೆ ಎರಡರಿಂದ ಮತ್ತು ಐದರಿಂದ ಭಾಗಿಸುವ ಹಂತಗಳು ಬೇರೆ ಬೇರೆಯಾಗಿಯೇ ಇರುವುದರಿಂದ, 100, 200, 500 ನ್ಯಾನೊಸೆಕೆಂಡ್, 1, 2, 5 ಮೈಕ್ರೊಸೆಕೆಂಡ್ ಎಂದು ಸ್ಕೋಪಿನ ಗುಂಡಿಯ ಮೇಲಿರುವ ಕ್ರಮವೇ ಹೊರಗೆ ಬರುತ್ತದೆ. ಇದರ ಸಾಮಗ್ರಿ ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಗಳಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವಂಥದ್ದು. 465ರ ಅತಿ ವೇಗದ ಸ್ವೀಪ್ ವರ್ಧಿಸಿದಾಗ ಚೌಕಕ್ಕೆ 5 ನ್ಯಾನೊಸೆಕೆಂಡ್. ಅಲ್ಲಿಗೆ ಮಾತ್ರ 100 ಮೆಗಾಹರ್ಟ್ಸ್‌ನ ಆಸಿಲೇಟರೊಂದನ್ನು ಬೇರೆಯಾಗಿ ಬಳಸಿ, ಒಂದು ಸುತ್ತು ಎರಡು ಚೌಕ ಹಿಡಿಯುತ್ತದೆಯೇ ಎಂದು ನೋಡಬೇಕು. ಗುರುತುಗಳನ್ನು ಹೋಲಿಸುವಾಗ ಪರದೆಯ ಎರಡೂ ಅಂಚಿನ ಚೌಕಗಳನ್ನು ಬಿಟ್ಟು ನಡುವಿನ ಎಂಟು ಚೌಕಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುವುದು ರೂಢಿ, ಏಕೆಂದರೆ ಅಂಚುಗಳಲ್ಲಿ ಸ್ವೀಪು ಅಷ್ಟು ನೇರವಾಗಿರುವುದಿಲ್ಲ.

ಸೈನ್ ತರಂಗದ ಎಸ್‌ಜಿ 503 ಬಗ್ಗೆ ಸ್ವಲ್ಪ ಎಚ್ಚರದಿಂದ ಯೋಚಿಸಬೇಕು. ಅದರ ವ್ಯಾಪ್ತಿ 250 ಕಿಲೋಹರ್ಟ್ಸ್‌ನಿಂದ 250 ಮೆಗಾಹರ್ಟ್ಸ್. ಹೋಲಿಕೆಗೆ 50 ಕಿಲೋಹರ್ಟ್ಸ್‌ನ ಒಂದು ಆಧಾರ ಆವರ್ತನವೂ ಇದೆ. 50 ಕಿಲೋಹರ್ಟ್ಸ್‌ನಲ್ಲಿ ತರಂಗವನ್ನು ಆರು ಚೌಕಕ್ಕೆ ಹೊಂದಿಸಿ, ಎತ್ತರದ ಗುಂಡಿಯನ್ನು ಮುಟ್ಟದೆ ಆವರ್ತನವನ್ನು 100 ಮೆಗಾಹರ್ಟ್ಸ್‌ಗೆ ಒಯ್ದಾಗ ತರಂಗ ಸುಮಾರು 4.2 ಚೌಕಕ್ಕಿಂತ ಕೆಳಗಿಳಿಯದಿದ್ದರೆ ಸ್ಕೋಪು ತೇರ್ಗಡೆ. ಇಡೀ ವ್ಯಾಪ್ತಿಯಲ್ಲಿ ಜನರೇಟರಿನ ಎತ್ತರ ಶೇ 3ಕ್ಕಿಂತ ಹೆಚ್ಚು ಬದಲಾಗದೆ ಇರುವುದೇ ಇಲ್ಲಿ ನಾವು ಹಣ ಕೊಟ್ಟು ಪಡೆಯುವ ಗುಣ. ಸಾಮಾನ್ಯ ಆರ್‌ಎಫ್ ಜನರೇಟರಿನ ಮಟ್ಟದಲ್ಲಿ 1 ಡೆಸಿಬೆಲ್ ಏರುಪೇರಿದ್ದರೆ ಎತ್ತರದಲ್ಲಿ ಅದು ಶೇ 12, ಆಗ 4.2 ಚೌಕ ಬರಬೇಕಾದ ಕಡೆ 3.8ರಿಂದ 4.8ರವರೆಗೆ ಏನು ಬೇಕಾದರೂ ಬರಬಹುದು, ತಪ್ಪು ಯಾರದೆಂದು ತೀರ್ಮಾನಿಸಲಾಗದು. ಆದರೂ ಎಸ್‌ಜಿ 503 ಕೊನೆಗೆ ಕೊಳ್ಳುವ ವಸ್ತು ಎಂದೇ ಹೇಳುತ್ತೇನೆ. ಏರುವ ಸಮಯವನ್ನು ಅಳೆದು 0.35ರ ಸೂತ್ರದಿಂದ ಬ್ಯಾಂಡ್‌ವಿಡ್ತನ್ನು ಲೆಕ್ಕ ಹಾಕಬಹುದು, ಮತ್ತು ಏರಿನ ಆಕಾರ ಸರಿಯಾಗಿರುವ ಅನಲಾಗ್ ಸ್ಕೋಪಿನಲ್ಲಿ ಆ ಲೆಕ್ಕ ನಂಬುವಂಥದ್ದು.

ಎಸ್‌ಜಿ 503 ಕೊಳ್ಳುವವರು ಅದರ ಜೊತೆಗೆ ಬರಬೇಕಾದ, ಸುಮಾರು 90 ಸೆಂಟಿಮೀಟರ್ ಉದ್ದದ ನಿಖರ 50 ಓಮ್ ಕೇಬಲನ್ನು ಕೇಳಿ ಪಡೆಯಬೇಕು; ಅದರ ಎತ್ತರದ ನಿಖರತೆ ಆ ಕೇಬಲ್ಲಿನ ಕೊನೆಯಲ್ಲಿ, ಸರಿಯಾದ ಟರ್ಮಿನೇಶನ್ ಇದ್ದಾಗ ಮಾತ್ರ ಅನ್ವಯಿಸುತ್ತದೆ. 1 ಗಿಗಾಹರ್ಟ್ಸ್ ದಾಟುವ ಎಸ್‌ಜಿ 504 ಕಡಿಮೆ ಬೆಲೆಗೆ ಕಂಡರೆ, ಮೊದಲು ತರಂಗದ ಎತ್ತರವನ್ನು ಸ್ಥಿರವಾಗಿಡುವ ಅದರ ಲೆವೆಲಿಂಗ್ ಹೆಡ್ ಜೊತೆಗಿದೆಯೇ ಎಂದು ನೋಡಿ. ಹೆಡ್ ಇಲ್ಲದ ಎಸ್‌ಜಿ 504 ಈ ಕೆಲಸಕ್ಕೆ ಬರುವುದಿಲ್ಲ, ಹೆಡ್ ಮಾತ್ರ ಬೇರೆಯಾಗಿ ಸಿಗುವುದು ಬಲು ಅಪರೂಪ.

ಟಿಎಂ 500ಕ್ಕೂ ಹಿಂದಿನ ತಲೆಮಾರಿನ ಪ್ರತ್ಯೇಕ ಪೆಟ್ಟಿಗೆಗಳೂ ಮಾರುಕಟ್ಟೆಯಲ್ಲಿವೆ: ಚೌಕ ತರಂಗಕ್ಕೆ 106, ಸಮಯಕ್ಕೆ 184, ಸೈನ್ ತರಂಗಕ್ಕೆ 191. ಇವು ಇನ್ನೂ ಅಗ್ಗ, ಒಳಗೆ ಕೈಹಾಕಿ ರಿಪೇರಿ ಮಾಡಲು ಸುಲಭ, ಮ್ಯಾನ್ಯುಯಲ್ಲುಗಳೂ ಅತ್ಯುತ್ತಮ. ಭಾರ ಮತ್ತು ಗಾತ್ರವೇ ಇವುಗಳ ಶತ್ರು. ವಿದೇಶದಿಂದ ತರಿಸುವವರಿಗೆ ಸಾಗಣೆ ವೆಚ್ಚ ಪೆಟ್ಟಿಗೆಯ ಬೆಲೆಯನ್ನೂ ಮೀರುತ್ತದೆ. ಇನ್ನೊಂದು ತುದಿಯಲ್ಲಿ ಫ್ಲೂಕ್ 5500ಎ, ವೇವ್‌ಟೆಕ್ 9100ರಂಥ ಬಹೂಪಯೋಗಿ ಕ್ಯಾಲಿಬ್ರೇಟರುಗಳಿವೆ. ಅವುಗಳಲ್ಲಿ ಸ್ಕೋಪ್ ಪರೀಕ್ಷೆಯ ಸೌಲಭ್ಯ ಪ್ರತ್ಯೇಕವಾಗಿ ಹಾಕಿಸಿಕೊಳ್ಳಬೇಕಾದ ಆಯ್ಕೆ. ಆ ಆಯ್ಕೆ ಇಲ್ಲದ ಯಂತ್ರಕ್ಕೆ ಸ್ಕೋಪ್ ಕ್ಯಾಲಿಬ್ರೇಟರ್ ಎಂಬ ಹೆಸರಿಟ್ಟು ಮಾರುವುದುಂಟು. ಟೆಕ್ಟ್ರಾನಿಕ್ಸ್‌ನದೇ ಆದ ಸಿಜಿ 5001, ಸೈನ್ ತರಂಗವನ್ನು ಬಿಟ್ಟು ಉಳಿದೆಲ್ಲವನ್ನೂ ಒಂದೇ ಘಟಕದಲ್ಲಿ, ಕಂಪ್ಯೂಟರಿನ ಹಿಡಿತದಲ್ಲಿ ಮಾಡುತ್ತದೆ. ಆದರೆ ಅದಕ್ಕೆ ಟಿಎಂ 5000 ಚೌಕಟ್ಟೇ ಬೇಕು, ಕೆಟ್ಟರೆ ದುರಸ್ತಿ ಕಷ್ಟ. ಟಿಎಂ 500 ಘಟಕಗಳು ಟಿಎಂ 5000 ಚೌಕಟ್ಟಿನಲ್ಲಿ ನಡೆಯುತ್ತವೆ, ಟಿಎಂ 5000ರ ಘಟಕಗಳು ಟಿಎಂ 500ರಲ್ಲಿ ನಡೆಯುವುದಿಲ್ಲ ಎಂಬುದು ನೆನಪಿರಲಿ.

ಕೊಳ್ಳುವಾಗ ಮಾರಾಟಗಾರರಿಂದ ಏನು ಕೇಳಬೇಕು? ಪೆಟ್ಟಿಗೆಯ ಮೇಲಿನ ಹಳೆಯ ಕ್ಯಾಲಿಬ್ರೇಶನ್ ಚೀಟಿಗೆ ಯಾವ ಬೆಲೆಯೂ ಇಲ್ಲ. ಅದರ ದಿನಾಂಕ ದಾಟಿ ದಶಕಗಳಾಗಿರುತ್ತವೆ. ಬೇಕಾದದ್ದು ಚೌಕಟ್ಟಿನಲ್ಲಿ ಕೂತು ಅಂಕಿ ಫಲಕ ಬೆಳಗುತ್ತಿರುವ ಪಿಜಿ 506ರ ಚಿತ್ರ, ಮತ್ತು ಅದರ ಮೂರೂ ಬಗೆಯ ತರಂಗಗಳು ಯಾವುದಾದರೂ ಸ್ಕೋಪಿನ ಪರದೆಯ ಮೇಲೆ ಕಾಣುತ್ತಿರುವ ಚಿತ್ರ. ಚೌಕಟ್ಟಿಲ್ಲದೆ ಬಿಡಿಯಾಗಿ ಮಾರುವ ಘಟಕವನ್ನು ಪರೀಕ್ಷಿಸಿಯೇ ಇರುವುದಿಲ್ಲ, ಏಕೆಂದರೆ ಅದಕ್ಕೆ ಬೇಕಾದ ವಿದ್ಯುತ್ತಷ್ಟೇ ಅಲ್ಲ, ಒಳಗಿನ ರೆಗ್ಯುಲೇಟರಿನ ಪವರ್ ಟ್ರಾನ್ಸಿಸ್ಟರುಗಳೂ ಚೌಕಟ್ಟಿನಲ್ಲೇ ಇವೆ. ಚೌಕಟ್ಟನ್ನು ಕೊಳ್ಳುವಾಗ, ಕೆಲವು ಘಟಕಗಳು ಎರಡು ಕಿಂಡಿ ಹಿಡಿಯುತ್ತವೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಅಮೆರಿಕದಿಂದ ಬಂದ ಚೌಕಟ್ಟು ಅಲ್ಲಿನ 120 ವೋಲ್ಟಿಗೆ ಹೊಂದಿಸಿದ್ದಾಗಿರುತ್ತದೆ. ಒಳಗಿನ ಜಂಪರುಗಳನ್ನು ನಮ್ಮ 230 ವೋಲ್ಟಿಗೆ ಬದಲಿಸದೆ, ಫ್ಯೂಸಿನ ಮೌಲ್ಯವನ್ನೂ ಸರಿಪಡಿಸದೆ, ಪ್ಲಗ್ ಚುಚ್ಚಬಾರದು. ಸಾಗಣೆ ಮತ್ತು ಕಸ್ಟಮ್ಸ್ ಸುಂಕವನ್ನು ಬೆಲೆಯ ಜೊತೆಗೇ ಕೂಡಿಸಿ ನೋಡಿದರೆ, ಆರು ಕಿಂಡಿಯ ದೊಡ್ಡ ಚೌಕಟ್ಟಿನ ಬದಲು ಟಿಎಂ 503 ಸಾಕೆಂದು ಹೆಚ್ಚಿನವರಿಗೆ ಅನ್ನಿಸುತ್ತದೆ.

ಈ ವಯಸ್ಸಿನ ಘಟಕಗಳಲ್ಲಿ ಬರುವ ದೋಷಗಳು ಬಹುಪಾಲು ಊಹಿಸಬಹುದಾದವೇ. ಚೌಕಟ್ಟಿನ ದೊಡ್ಡ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ಸೋತಿರುತ್ತವೆ, ಟ್ಯಾಂಟಲಮ್ ಕೆಪಾಸಿಟರುಗಳು ಶಾರ್ಟ್ ಆಗಿರುತ್ತವೆ, ತಿರುಗುವ ಸ್ವಿಚ್ಚುಗಳ ಚಿನ್ನದ ಲೇಪದ ಸಂಪರ್ಕಗಳ ಮೇಲೆ ಕೊಳೆ ಕೂತಿರುತ್ತದೆ. ಕೊಳೆ ತೆಗೆಯಲು ಐಸೊಪ್ರೊಪಿಲ್ ಆಲ್ಕೋಹಾಲಿನಲ್ಲಿ ನೆನೆಸಿದ ತೆಳುವಾದ ಕಾಗದದ ಪಟ್ಟಿಯನ್ನು ಸಂಪರ್ಕಗಳ ನಡುವೆ ಎಳೆದರೆ ಸಾಕು. ಉಜ್ಜುಕಾಗದವನ್ನು ಮುಟ್ಟಿಸಿದರೆ ಲೇಪ ಹೋಗಿ ಸ್ವಿಚ್ಚು ಕಾಯಮ್ಮಾಗಿ ಕೆಡುತ್ತದೆ.

ಬಳಕೆಯಲ್ಲಿ ಎರಡು ಎಚ್ಚರಿಕೆಗಳಿವೆ. ಪಿಜಿ 506ರ 100 ವೋಲ್ಟ್ ಸಿಗ್ನಲ್ಲನ್ನು ಮರೆತು 50 ಓಮ್ ಒಳದಾರಿಗೆ ಕೊಡಬಾರದು; ಅಂಥ ಒಳದಾರಿಗಳು ಸಾಮಾನ್ಯವಾಗಿ 5 ವೋಲ್ಟಿನ ಆಸುಪಾಸಿನಷ್ಟನ್ನೇ ತಾಳಿಕೊಳ್ಳುತ್ತವೆ, ಸುಟ್ಟರೆ ಅವುಗಳಿಗೆ ಬದಲಿ ಸಿಗುವುದು ದುಸ್ತರ. ವೇಗದ ಏರನ್ನು 1 ಮೆಗಾಓಮ್ ಒಳದಾರಿಗೆ ಕೊಡುವಾಗ ಸ್ಕೋಪಿನ ತುದಿಯಲ್ಲಿ ಒಳ್ಳೆಯ 50 ಓಮ್ ಟರ್ಮಿನೇಟರ್ ಇರಲೇಬೇಕು. ಅಗ್ಗದ ಟರ್ಮಿನೇಟರಿನಿಂದ ಹುಟ್ಟುವ ಪ್ರತಿಫಲನ ಏರಿನ ತುದಿಯಲ್ಲಿ ಕೊಂಬಿನಂತೆ ಕಾಣುತ್ತದೆ, ಅದನ್ನು ಸ್ಕೋಪಿನ ದೋಷವೆಂದು ತಿಳಿದು ಟ್ರಿಮ್ಮರ್ ತಿರುಗಿಸುವ ಅಪಾಯವಿದೆ. ಪಿಜಿ 506ಕ್ಕಾಗಿ ಇಟ್ಟ ಹಣದಲ್ಲಿ ಒಂದು ಭಾಗವನ್ನು ಒಳ್ಳೆಯ ಕೇಬಲ್ಲಿಗೂ ಟರ್ಮಿನೇಟರಿಗೂ ತೆಗೆದಿಡಬೇಕು.

ಟ್ರಿಮ್ಮರುಗಳಿಗೆ ಕೈಹಾಕುವ ಮೊದಲು ಸ್ಕೋಪಿನ ಪವರ್ ಸಪ್ಲೈಗಳನ್ನು ಮಲ್ಟಿಮೀಟರಿನಿಂದ ನೋಡುವುದನ್ನು ಯಾರೂ ಬಿಡಬಾರದು. 465ರಲ್ಲಿ 110, 55, 15, 5 ಮತ್ತು ಋಣ 8 ವೋಲ್ಟುಗಳ ಸಪ್ಲೈಗಳಿವೆ. 55 ವೋಲ್ಟಿನದು ಜರುಗಿದ್ದರೆ ಅದನ್ನು ಆಧರಿಸಿದ ಉಳಿದವೂ ಜರುಗಿರುತ್ತವೆ, ಗೇನೂ ಸ್ವೀಪೂ ಒಟ್ಟಿಗೇ ತಪ್ಪು ತೋರಿಸುತ್ತವೆ. ಕ್ಯಾಲಿಬ್ರೇಶನ್ ತಪ್ಪಿದೆ ಎಂದುಕೊಂಡ ಎಷ್ಟೋ ಸ್ಕೋಪುಗಳ ನಿಜವಾದ ಕಾಯಿಲೆ ಇಲ್ಲಿರುತ್ತದೆ. ಹೊದಿಕೆ ತೆಗೆದ ಸ್ಕೋಪಿನೊಳಗೆ, ಪಿಕ್ಚರ್ ಟ್ಯೂಬಿನ ಸುತ್ತ ಎರಡು ಸಾವಿರ ವೋಲ್ಟಿಗೂ ಮೀರಿದ ಒತ್ತಡವಿದೆ ಎಂಬುದನ್ನು ಸದಾ ನೆನಪಿಟ್ಟುಕೊಂಡು, ಒಂದು ಕೈಯನ್ನು ದೂರವಿಟ್ಟೇ ಈ ಅಳತೆ ಮಾಡಬೇಕು.

ಉಳಿದ ಪ್ರಶ್ನೆ, ಕೊಂಡ ಕ್ಯಾಲಿಬ್ರೇಟರನ್ನೇ ನಂಬುವುದು ಹೇಗೆ ಎಂಬುದು. ಪಿಜಿ 506ರ ಇನ್ನೊಂದು ಅನುಕೂಲ ಇಲ್ಲಿ ನೆರವಿಗೆ ಬರುತ್ತದೆ. ಒಳಗಿರುವ ಒಂದು ಆಯ್ಕೆಯನ್ನು ಬದಲಿಸಿದರೆ ನಿಖರ ಎತ್ತರದ ಸಿಗ್ನಲ್ಲು ಚೌಕ ತರಂಗವಾಗುವ ಬದಲು ಸ್ಥಿರ ಡಿಸಿಯಾಗಿ ಹೊರಗೆ ಬರುತ್ತದೆ, ಅದನ್ನು ಐದೂವರೆ ಅಂಕಿಯ ಮಲ್ಟಿಮೀಟರಿನಿಂದ 100 ವೋಲ್ಟಿನಿಂದ ಕೆಳಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಅಳೆಯಬಹುದು. ಹೀಗಾಗಿ ಭಾರವಾದ ಚೌಕಟ್ಟನ್ನು ಹೊತ್ತು ಪ್ರಯೋಗಾಲಯಕ್ಕೆ ಹೋಗಬೇಕಾಗಿಲ್ಲ. ಮಲ್ಟಿಮೀಟರೊಂದನ್ನು ಮಾನ್ಯತೆ ಪಡೆದ ಕೇಂದ್ರದಲ್ಲಿ ಡಿಸಿ ವೋಲ್ಟೇಜಿಗೆ ಮಾತ್ರ ಕ್ಯಾಲಿಬ್ರೇಟ್ ಮಾಡಿಸಿದರೆ ಸಾಕು. ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯುಳ್ಳ ಅಂಥ ಪ್ರಯೋಗಾಲಯಗಳು ಬೆಂಗಳೂರಿನಲ್ಲಿ ಹಲವಿವೆ. ಅವರು ಕೊಡುವ ವರದಿಯಲ್ಲಿ ಪ್ರತಿ ರೇಂಜಿನ ತಪ್ಪನ್ನೂ ಬರೆದಿರುತ್ತಾರೆ. ಆ ಅಂಕಿಗಳನ್ನು ಕಳೆದು ಪಿಜಿ 506ರ ಪ್ರತಿ ಮೆಟ್ಟಿಲಿನ ಎತ್ತರವನ್ನು ಒಂದು ಹಾಳೆಯಲ್ಲಿ ಬರೆದು ಚೌಕಟ್ಟಿನ ಮೇಲೆ ಅಂಟಿಸಿಟ್ಟುಕೊಂಡು, ಮುಂದಿನ ವರ್ಷ ಅದೇ ಅಳತೆಯನ್ನು ಮತ್ತೆ ತೆಗೆದು ಪಕ್ಕದ ಅಂಕಣದಲ್ಲಿ ಬರೆದರೆ, ಉಪಕರಣ ವರ್ಷಕ್ಕೆ ಎಷ್ಟು ಜರುಗುತ್ತಿದೆ ಎಂಬುದು ತಿಳಿಯುತ್ತದೆ.